ಒಡೆದ ಕಂದೀಲಿನ ಪೇಶಿ

ಜೇವರ್ಗಿಯ ತಹಸೀಲ ಕಚೇರಿಯ ಎದುರಿಗೆ, ಬೇವಿನ ಮರದ ಬುಡದಲ್ಲಿ, ಹಣಮಂತರಾಯರು ಮೂವತ್ತು ವರ್ಷ ಟೈಪ್ ಮಾಡಿದರು. ಒಂದು ಮೇಜು, ಒಂದು ಕುರ್ಚಿ, ಅರ್ಜಿದಾರ ಕೂರಲು ಒಂದು ಸ್ಟೂಲು. ಮೇಜಿನ ಮೇಲೆ ಎರಡು ಯಂತ್ರ, ಒಂದು ಇಂಗ್ಲಿಷಿನದು, ಇನ್ನೊಂದು ಕನ್ನಡದ್ದು. ಮಳೆ ಬಂದರೆ ಎರಡಕ್ಕೂ ಪ್ಲಾಸ್ಟಿಕ್ ಹೊದಿಸಿ ತಾವು ನೆನೆಯುತ್ತ ನಿಲ್ಲುತ್ತಿದ್ದರು. ಹಳ್ಳಿಯಿಂದ ಬಂದವರು ಏನು ಹೇಳಿದರೋ ಅದನ್ನೇ ಬರೆಯುತ್ತಿದ್ದರು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. "ರಾಯರೇ, ಓದಿದವರಿಗೆ ಕಣ್ಣೀರು ಬರೂ ಹಂಗ ಬರೀರಿ" ಎಂದು ಯಾರಾದರೂ ಗೋಗರೆದರೆ, "ಕಣ್ಣೀರು ನಿಮ್ಮದು, ನೀವ ಒಳಗ ಹೋಗಿ ಹಾಕ್ರಿ. ನಾ ಅಕ್ಷರ ಅಷ್ಟ ಹಾಕ್ತೇನಿ" ಎನ್ನುತ್ತಿದ್ದರು. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ ಎಂದು ಅವರ ಹೆಂಡತಿ ಶಾರದಾಬಾಯಿ ಓಣಿಗೆಲ್ಲ ಹೇಳುತ್ತಿದ್ದರು. ಓಣಿ ನಂಬುತ್ತಿತ್ತು.

ಇಂಥವರು ಮಾಯದ ಕತ್ತಿ, ಮಾತಾಡುವ ಕಂದೀಲು, ಗುಹೆಯ ಮೃಗ ಎಂದುಕೊಂಡು ಭಾನುವಾರ ಮಧ್ಯಾಹ್ನವಿಡೀ ಆಟ ಆಡುತ್ತಿದ್ದರು ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಆದರೆ ಆಡಿದ್ದು ಖರೆ. ಅದೂ ಮೂರು ವರ್ಷ.

ಆಟ ಬಂದದ್ದು ಒಂದು ಮರೆವಿನಿಂದ. ಎಂಬತ್ತೈದರಲ್ಲಿ ಗುಲಬರ್ಗಾದ ಎಂಜಿನಿಯರಿಂಗ್ ಹುಡುಗನೊಬ್ಬ ಅಫಿಡವಿಟ್ ಟೈಪ್ ಮಾಡಿಸಿಕೊಂಡು, ಬಸ್ಸು ಬಂತೆಂದು ಓಡುವಾಗ ಒಂದು ಝೆರಾಕ್ಸ್ ಕಟ್ಟನ್ನು ಸ್ಟೂಲಿನ ಮೇಲೆ ಬಿಟ್ಟುಹೋದ. ಬೇರೆಯವರ ಕಾಗದ ಓದಬಾರದೆಂದು ರಾಯರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಂದು ವರ್ಷ ಕಾದರು. ಹುಡುಗ ಬರಲಿಲ್ಲ. ಶಾರದಾಬಾಯಿ ಅದನ್ನು ಅಡುಗೆಮನೆಯ ಕಪಾಟಿಗೆ ಹಾಸಲು ಹೊರಟಾಗ ಬೇರೆ ದಾರಿಯಿಲ್ಲದೆ ಬಿಚ್ಚಿ ನೋಡಿದರು. ಇಂಗ್ಲಿಷಿನಲ್ಲಿ ಒಂದು ಆಟದ ನಿಯಮಗಳು, ನೂರಾ ಹನ್ನೆರಡು ಹಾಳೆ. ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು, ನಾನು ಹೀಗೆ ಮಾಡುತ್ತೇನೆ, ನಾನು ಹಾಗೆ ಮಾಡುತ್ತೇನೆ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ರಾಯರು ಪೂರ್ತಿ ಓದಿದರು. ಊರಿನವರ ಅರ್ಜಿಗಳನ್ನೇ ಓದಿ ಓದಿ ಬೇಸತ್ತ ಕಣ್ಣಿಗೆ ಅದು ಹಬ್ಬದಡುಗೆಯಾಗಿ ಕಂಡಿತು.

ಇಪ್ಪತ್ತು ಮುಖದ ದಾಳ ಜೇವರ್ಗಿಯಲ್ಲೆಲ್ಲಿ ಸಿಗಬೇಕು? ರಸ್ತೆಯಾಚೆಗಿನ ಉಸ್ಮಾನಸಾಬರು ಇಪ್ಪತ್ತು ಅಂಗಿಗುಂಡಿ ಕೊಟ್ಟರು. ಪ್ರತಿಯೊಂದರ ಮೇಲೂ ಮಸಿಯಲ್ಲಿ ಅಂಕಿ ಬರೆದು ತಂಬಿಗೆಯಲ್ಲಿ ಹಾಕಿದ್ದಾಯಿತು. ಕಣ್ಣು ಮುಚ್ಚಿ ಕೈಹಾಕಿ ಒಂದನ್ನು ತೆಗೆದರೆ ಮುಗಿಯಿತು.

ಉಸ್ಮಾನಸಾಬರು ದರ್ಜಿ. ರಾಯರ ಬಾಲ್ಯದ ಗೆಳೆಯರು. ನಿಜಾಮನ ಕಾಲದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉರ್ದು ಕಲಿತವರು. ಆಮೇಲೆ ಶಾಲೆಗೆ ಕನ್ನಡ ಬಂತು, ರಾಯರು ಮುಂದೆ ಓದಿದರು, ಉಸ್ಮಾನಸಾಬರು ಹೊಲಿಗೆ ಯಂತ್ರದ ಮುಂದೆ ಕೂತರು. ಅವರ ಕನ್ನಡ ಓದು ಅಳತೆಯ ಅಂಕಿಗಳಿಗೇ ನಿಂತಿತು. ಆದರೆ ಬಾಯಿ! ಅವರು ಅಂಗಡಿಯಲ್ಲಿ ಮಾತಾಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಕೇಳುತ್ತಿತ್ತು. ಇಡೀ ಜೇವರ್ಗಿಯಲ್ಲಿ ಹಣಮಂತರಾಯರನ್ನು "ಹಣಮ್ಯಾ" ಎನ್ನುತ್ತಿದ್ದ ಒಂದೇ ಗಂಟಲು ಅದು.

ಆಟ ನಡೆಯುತ್ತಿದ್ದದ್ದು ಉಸ್ಮಾನಸಾಬರ ಅಂಗಡಿಯ ಕಟ್ಟೆಯ ಮೇಲೆ, ಆಡುವವರು ನಾಲ್ಕು ಜನ. ಕಥೆ ನಡೆಸುವವರು ರಾಯರು. ಇಜೇರಿಯ ಗುರಣ್ಣ, ಹೊಲದ ಪಾಲಿನ ಅರ್ಜಿ ಟೈಪ್ ಮಾಡಿಸಲು ಬಂದು ಆಟಕ್ಕೆ ಸಿಕ್ಕಿಬಿದ್ದವನು, ಕತ್ತಿ ಹಿಡಿದ ವೀರನಾದ. ಚಹಾ ಕೊಡಲು ಬಂದ ಶಾರದಾಬಾಯಿ, "ಆ ಗವಿಗೆ ಇನ್ನೊಂದು ಬಾಗಿಲ ಇರಬೇಕಲ್ರಿ, ಅದನ್ನ ಯಾಕ ನೋಡವಲ್ರಿ?" ಎಂದು ಒಂದು ಸಲ ಬಾಯಿ ಹಾಕಿದ್ದೇ ನೆಪವಾಗಿ ಮದ್ದು ಅರೆಯುವ ಮಾಟಗಾತಿಯಾಗಿ ಕೂತುಬಿಟ್ಟರು. ಉಳಿದವರು ಉಸ್ಮಾನಸಾಬರು.

ಪುಸ್ತಕದಲ್ಲಿ ಮಾಯದ ವಸ್ತುಗಳದ್ದೇ ಒಂದು ಅಧ್ಯಾಯವಿತ್ತು. ಕೆಲವು ವಸ್ತುಗಳಿಗೆ ಜೀವವಿರುತ್ತದೆ, ಬುದ್ಧಿಯಿರುತ್ತದೆ, ಮಾತಿರುತ್ತದೆ, ಹಟವೂ ಇರುತ್ತದೆ. ಮನಸ್ಸಿಗೆ ಬಾರದಿದ್ದರೆ ಹಿಡಿದವನ ಮಾತನ್ನೂ ಅವು ಕೇಳುವುದಿಲ್ಲ. ರಾಯರು ಇದನ್ನು ಓದಿ ಹೇಳಿದ್ದೇ ತಡ, ಉಸ್ಮಾನಸಾಬರು ತೊಡೆ ತಟ್ಟಿದರು.

"ಹಂಗಾದ್ರ ನಾ ಮನಷ್ಯಾ ಆಗಂಗಿಲ್ಲ ಹಣಮ್ಯಾ. ಮನಷ್ಯಾ ಆಗಿ ಐವತ್ತು ವರ್ಷ ಆತು, ಸಾಕಾಗೇದ. ನಾ ಕಂದೀಲ ಆಗ್ತೇನಿ."

ಆಡುವವರು ವಸ್ತುವಾಗಬಹುದೋ ಇಲ್ಲವೋ ಎಂದು ರಾಯರು ಮೂರು ದಿನ ಪುಸ್ತಕ ತಿರುವಿಹಾಕಿದರು. ಆಗಬಾರದೆಂದು ಎಲ್ಲೂ ಬರೆದಿರಲಿಲ್ಲ. ಹೀಗಾಗಿ ಬಡೇಮಿಯಾ ಹುಟ್ಟಿದ. ಮುನ್ನೂರು ವರ್ಷದ ಹಿತ್ತಾಳೆಯ ಕಂದೀಲು, ಕಾಣದ ದಾರಿಯನ್ನು ತೋರಿಸುವುದು ಅವನ ಕೆಲಸ, ಹಿಡಿದವನನ್ನು ಹೌಲೇ, ದಡ್ಡಾ ಎಂದು ಬೈಯುವುದು ಅವನ ಸುಖ. "ಏ ಹೌಲೇ ಗುರಣ್ಣಾ, ಬತ್ತಿ ಏರಸೋ! ನನಗ ಕಾಣಂಗಿಲ್ಲ ಅಂದ್ರ ನಿನಗ ಹೆಂಗ ಕಂಡೀತು?" ಎಂದು ಅಂಗಡಿಯ ಕಟ್ಟೆಯಿಂದ ಕಂದೀಲು ಗುಡುಗಿದರೆ ಎದುರಿನ ಚಹಾದಂಗಡಿಯವರು ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಒಮ್ಮೆ ಗುರಣ್ಣ ಕಥೆಯೊಳಗಿನ ಒಬ್ಬ ಮುದುಕಿಗೆ ಸುಳ್ಳು ಹೇಳಿದನೆಂದು ಬಡೇಮಿಯಾ ಸಿಟ್ಟಾಗಿ ಎರಡು ಭಾನುವಾರ ಬೆಳಕೇ ಕೊಡಲಿಲ್ಲ. ಗುರಣ್ಣ ಕೈಮುಗಿದು ತಪ್ಪೊಪ್ಪಿಕೊಂಡ ಮೇಲೆಯೇ ಉರಿದದ್ದು.

ಎಂಬತ್ತೆಂಟರ ಮಳೆಗಾಲ ಮುಗಿಯುವಷ್ಟರಲ್ಲಿ ಆ ದನಿ ಒಡೆಯತೊಡಗಿತು. ಗಂಟಲು ಕಟ್ಟಿದೆ, ತಾನೇ ಬಿಡುತ್ತದೆ ಎಂದು ಉಸ್ಮಾನಸಾಬರು ಬೀಡಿ ಹಚ್ಚಿದರು. ಬಿಡಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ. ಕಥೆಯೊಳಗೆ ಮೂವರೂ ಒಂದು ಆಳದ ಗುಂಡಿಯಲ್ಲಿದ್ದರು, ಎದುರಿಗೆ ಕಣ್ಣಿಲ್ಲದ ಮೃಗ. ಗುರಣ್ಣನ ಕತ್ತಿ ಕೈಜಾರಿತ್ತು. ಹೆದರಿದವನು ಹಿಂದೆಮುಂದೆ ನೋಡದೆ, "ಕೈಯಾಗಿನ ಕಂದೀಲ ಅದರ ಮಾರಿಗೆ ಎಸೀತೇನಿ" ಎಂದ.

"ಖರೇನ ಎಸೀತಿ?" ಎಂದು ರಾಯರು ಕೇಳಿದರು.

"ಎಸದೆ ಅಂದ್ರ ಎಸದೇರಿ."

ತಂಬಿಗೆಗೆ ಕೈಹಾಕಿ ಅಂಗಿಗುಂಡಿ ತೆಗೆದ, ಅದರ ಮೇಲಿನ ಅಂಕಿ ನೋಡಿದ. ಒಂದು. ಅದಕ್ಕಿಂತ ಕೆಟ್ಟದ್ದು ಇರಲಿಲ್ಲ. ಕಥೆ ನಡೆಸುವಾಗ ರಾಯರದು ಅರ್ಜಿಯ ಕನ್ನಡ. ಅದರಲ್ಲೇ ಹೇಳಿದರು: "ಸದರಿ ಕಂದೀಲು ಬಂಡೆಗೆ ಬಡಿದು ಚೂರುಚೂರಾಗಿದೆ. ಮೃಗ ಓಡಿಹೋಗಿದೆ. ಬಡೇಮಿಯಾ ಇನ್ನು ಇಲ್ಲ."

"ಕೊಂದಿ ಬಿಡು, ಹೌಲೇ," ಎಂದು ಉಸ್ಮಾನಸಾಬರು ಗೊಗ್ಗರು ದನಿಯಲ್ಲಿ ನಕ್ಕರು. ನಗು ಕೆಮ್ಮಾಯಿತು. ಬಾಯಿ ಒರೆಸಿಕೊಂಡ ಬಟ್ಟೆಯಲ್ಲಿ ಶಾರದಾಬಾಯಿ ರಕ್ತ ಕಂಡರು. ಅವರೇ ಹಟ ಹಿಡಿದು ಮರುದಿನ ಉಸ್ಮಾನಸಾಬರನ್ನು ಡಾಕ್ಟರ ಬಳಿ ಕಳಿಸಿದರು. ಅಲ್ಲಿಂದ ಗುಲಬರ್ಗಾ, ಅಲ್ಲಿಂದ ಸೊಲ್ಲಾಪುರ. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಬದುಕಬೇಕೆಂದರೆ ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು, ತೆಗೆದರು.

ಡಿಸೆಂಬರಿನ ಮೊದಲ ವಾರ ಉಸ್ಮಾನಸಾಬರು ಮರಳಿ ಬಂದಾಗ ಕುತ್ತಿಗೆಯ ನಡುವೆ ಉಸಿರಾಡುವ ತೂತಿತ್ತು. ಅದಕ್ಕೆ ಮುಚ್ಚಲು ತಾವೇ ಬಿಳಿ ಮಲ್‌ಮಲ್ ಬಟ್ಟೆಯ ಪಟ್ಟಿ ಹೊಲಿದುಕೊಂಡಿದ್ದರು, ಅಂಚಿಗೆ ಸಣ್ಣ ನೆರಿಗೆ ಕೂಡ ಹಿಡಿದಿದ್ದರು. ಕೈಯಲ್ಲೊಂದು ಸ್ಲೇಟು. ಅವರು ಬರೆಯುವುದು ಉರ್ದುವಿನಲ್ಲಿ. ಅಂಗಡಿಗೆ ಬರುವವರಲ್ಲಿ ಅದನ್ನು ಓದುವವರು ರಾಯರೊಬ್ಬರೇ, ಅದೂ ನಲವತ್ತು ವರ್ಷದಿಂದ ತುಕ್ಕು ಹಿಡಿದ ಓದು. ಮೊದಲ ಭಾನುವಾರ ಎಲ್ಲರೂ ಬಂದು ಕೂತ ಕೂಡಲೇ ಉಸ್ಮಾನಸಾಬರು ಬರೆದು ಸ್ಲೇಟನ್ನು ರಾಯರ ಮುಂದೆ ಹಿಡಿದರು. ರಾಯರು ತಡವರಿಸುತ್ತ ಓದಿದರು: "ನನ್ನ ಗಂಟಲು ಡಾಕ್ಟರು ತೆಗೆದರು. ಬಡೇಮಿಯಾನ ಗಂಟಲು ತೆಗೆದವರು ಯಾರು? ಅವನನ್ನು ತಂದುಕೊಡು."

ಗುರಣ್ಣ ತಲೆ ತಗ್ಗಿಸಿದ. ತಾನು ಕಂದೀಲು ಎಸೆದದ್ದಕ್ಕೇ ಉಸ್ಮಾನ ಚಾಚಾರ ದನಿ ಹೋಯಿತೆಂಬ ಹುಚ್ಚು ಅವನ ತಲೆಯಲ್ಲಿ ಕೂತಿತ್ತು, ಯಾರು ಹೇಳಿದರೂ ಇಳಿಯುತ್ತಿರಲಿಲ್ಲ.

ಶಾರದಾಬಾಯಿ ಗಂಡನಿಗೆ ಅಂದರು, "ಇದರಾಗ ಯೋಚನಿ ಮಾಡೂದೇನದರಿ? ಕಂದೀಲ ಮತ್ತ ಕೂಡಿತು, ಹತ್ತಿತು ಅಂದ್ಬಿಡ್ರಿ. ಈಗಿಂದೀಗ ಅಂದ್ಬಿಡ್ರಿ."

ಒಂದು ಮಾತು. ಅಷ್ಟೇ ಬೇಕಿದ್ದದ್ದು. ಆದರೆ ಪುಸ್ತಕದ ಮೊದಲ ಹಾಳೆಯ ಪರಿವಿಡಿಯಲ್ಲಿ, ಹಾಳಾದ ಜೀವವಸ್ತುಗಳನ್ನು ಮರಳಿ ಪಡೆಯುವ ಬಗೆ, ಪುಟ ನೂರಾ ಇಪ್ಪತ್ತೇಳು ಎಂದು ಅಚ್ಚಾಗಿತ್ತು. ರಾಯರ ಹತ್ತಿರವಿದ್ದದ್ದು ನೂರಾ ಹನ್ನೆರಡು ಪುಟ. ನಿಯಮವೇ ಇಲ್ಲದಿದ್ದರೆ ಅವರು ಹೂಂ ಅನ್ನುತ್ತಿದ್ದರೇನೋ. ನಿಯಮ ಇದೆ, ತಮ್ಮ ಕೈಯಲ್ಲಿಲ್ಲ, ಅದೇ ಅವರ ಕೈ ಕಟ್ಟಿಹಾಕಿತು.

"ಇದ್ದ ಕಾಯ್ದೆ ಬಿಟ್ಟು ಬಾಯಿಗೆ ಬಂದದ್ದು ಹೇಳಿದ್ರ, ಬಂದವನು ಬಡೇಮಿಯಾ ಆಗಂಗಿಲ್ಲ. ನಮ್ಮ ಸಮಾಧಾನಕ್ಕ ಮಾಡಿದ ಗೊಂಬಿ ಆಗ್ತದ," ಎಂದರು. ಇದು ಪೂರ್ತಿ ಮೊಂಡುತನವಲ್ಲ. ಗೆಳೆಯನಿಗೆ ಸುಳ್ಳು ಕಂದೀಲು ಕೊಡಲು ಅವರಿಗೆ ಮನಸ್ಸಿರಲಿಲ್ಲ. ಉಸ್ಮಾನಸಾಬರೂ ಅದನ್ನು ಕೇಳಿ ಮೆಲ್ಲಗೆ ತಲೆಯಾಡಿಸಿದರು, ಅವರಿಗೂ ಖರೆ ಬಡೇಮಿಯಾನೇ ಬೇಕಿತ್ತು.

ಹಳೆಯ ಕಾರ್ಬನ್ ಪ್ರತಿಗಳನ್ನು ಕೆದಕಿ ಆ ಎಂಜಿನಿಯರಿಂಗ್ ಹುಡುಗನ ವಿಳಾಸ ಹುಡುಕಿದರು. ಕಾರ್ಡು ಬರೆದರು. ವಿಳಾಸದಾರರು ಊರು ಬಿಟ್ಟಿದ್ದಾರೆ ಎಂದು ಕಾರ್ಡು ಹದಿನೈದು ದಿನಕ್ಕೆ ಮರಳಿ ಬಂತು. ಡಿಸೆಂಬರಿನ ಬಹುಪಾಲು ಹೀಗೇ ಹೋಯಿತು. ಅಷ್ಟೂ ಭಾನುವಾರ ಉಸ್ಮಾನಸಾಬರು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಒಡೆದ ವಸ್ತು ಮಾತಾಡುವಂತಿಲ್ಲವಲ್ಲ, ಆಟದ ಹೊತ್ತಿನಲ್ಲಿ ರಾಯರು ಅವರ ಸ್ಲೇಟನ್ನೂ ಓದುತ್ತಿರಲಿಲ್ಲ. ಬೇರೆ ವೇಷ ಹಾಕು ಎಂದರೆ ಅವರು ಒಲ್ಲೆ ಎಂದರು.

ಕೊನೆಗೆ ಕಳೆದುಹೋದ ಪುಟವನ್ನು ರಾಯರೇ ಬರೆಯಲು ಕೂತರು. ಜೀವಮಾನದಲ್ಲಿ ಮೊದಲ ಸಲ, ಯಾರೂ ಹೇಳಿ ಬರೆಸದ ತಮ್ಮದೇ ಮಾತು. ಏನು ಬರೆದಾರು? ಕಳೆದುಹೋದದ್ದನ್ನು ಮರಳಿ ಪಡೆಯುವ ದಾರಿ ಅವರಿಗೆ ಗೊತ್ತಿದ್ದದ್ದು ಒಂದೇ, ಎದುರಿಗಿದ್ದ ಕಚೇರಿಯದು. ಹಗಲುರಾತ್ರಿ ಟೈಪ್ ಮಾಡಿ, ಹರಿದು, ಮತ್ತೆ ಟೈಪ್ ಮಾಡಿ ಸಿದ್ಧಪಡಿಸಿದ ನಿಯಮ ಹೀಗಿತ್ತು: ಕಂದೀಲಿಗಾಗಿ ಮೂರು ಪ್ರತಿಯಲ್ಲಿ ಅರ್ಜಿ ಕೊಡಬೇಕು. ಒಡೆದ ಜಾಗಕ್ಕೆ ಹೋಗಿ ಇಬ್ಬರು ಪಂಚರು ಚೂರುಗಳ ಪಂಚನಾಮೆ ಮಾಡಬೇಕು. ಆಮೇಲೆ ವಿಚಾರಣೆ, ಅಂದರೆ ಪೇಶಿ. ಪೇಶಿಯ ದಿನ ಒಡೆದವನೂ ಪಂಚರೂ ಇರಲೇಬೇಕು. ಎಲ್ಲರ ಎದುರಿಗೆ ಕಂದೀಲಿನ ಹೆಸರನ್ನು ಮೂರು ಸಲ ಕರೆಯಬೇಕು. ಜೀವವಿರುವ ವಸ್ತುವನ್ನು ಬಲವಂತದಿಂದ ತರಲು ಬರುವುದಿಲ್ಲ, ಅದು ತಾನಾಗಿ ಒಪ್ಪಿ, ಕರೆದಾಗ "ಹಾಜರ್" ಎನ್ನಬೇಕು. ಅಂದ ಕ್ಷಣವೇ ಹತ್ತಿದ ಹಾಗೆ.

ಓದಿ ಹೇಳಿದಾಗ ಗುರಣ್ಣನಿಗೆ ನಗು ತಡೆಯಲಾಗಲಿಲ್ಲ. "ದೇವರ ಹತ್ರ ಮಳಿ ಕೇಳಲಿಕ್ಕೂ ಇಷ್ಟು ಕಾಗದ ಬೇಡ್ರಿ ರಾಯರೇ," ಎಂದ.

ಶಾರದಾಬಾಯಿ ನಗಲಿಲ್ಲ. "ಅವರಿಗೆ ಗಂಟಲ ಇಲ್ಲ, ಹಾಜರ್ ಹೆಂಗ ಅನ್ನಬೇಕ್ರಿ?"

"ಸ್ಲೇಟಿನ್ಯಾಗ ಬರೀಲಿ. ನಾ ಓದ್ತೇನಿ. ಅದೂ ಅವನ ಮಾತ."

ಉಸ್ಮಾನಸಾಬರು ಬೆರಳೆತ್ತಿ, ಹಾಜರ್ ಅನ್ನುವ ಆ ಸಾಲನ್ನು ಇನ್ನೊಮ್ಮೆ ಓದು ಎಂದು ಸನ್ನೆ ಮಾಡಿದರು. ರಾಯರು ಓದಿದರು. ಉಸ್ಮಾನಸಾಬರು ಸ್ಲೇಟು ಒರೆಸಿ "ಮಂಜೂರ್" ಎಂದು ಬರೆದರು. ಮುಖದ ಮೇಲೆ ಕಳ್ಳ ನಗುವಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಅವರು ನಕ್ಕದ್ದು.

ಸಂಕ್ರಾಂತಿಯ ಮರುದಿನದ ಭಾನುವಾರ ಪಂಚನಾಮೆ ಮುಗಿಯಿತು. ಕಥೆಯ ಗುಂಡಿಗೆ ಇಳಿದು ಗಾಜು ಹದಿನೇಳು ಚೂರು, ಹಿತ್ತಾಳೆ ನಾಲ್ಕು ತುಂಡು, ಬತ್ತಿ ಒಂದು ಎಂದು ಪಂಚರು ಬರೆಸಿದರು. ಪಂಚರಲ್ಲಿ ಒಬ್ಬರು ಶಾರದಾಬಾಯಿ. ಇನ್ನೊಬ್ಬ ಕಥೆಯೊಳಗೇ ಸಿಕ್ಕ ಒಬ್ಬ ಕುರುಬ, ಅವನ ಹೆಬ್ಬೆಟ್ಟನ್ನು ರಾಯರೇ ಒತ್ತಿದರು. ಪೇಶಿಗೆ ಜನವರಿ ಇಪ್ಪತ್ತೆರಡು ತಾರೀಖು ಕೊಟ್ಟರು.

ಆ ದಿನ ಉಸ್ಮಾನಸಾಬರು ಮದುವೆಗೆ ಹೊರಟವರ ಹಾಗೆ ಬಂದರು. ಸ್ನಾನ ಮಾಡಿ, ಅತ್ತರು ಹಚ್ಚಿ, ಕುತ್ತಿಗೆಗೆ ಹೊಸ ಪಟ್ಟಿ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಗುರಣ್ಣ ಬರಲಿಲ್ಲ. ಇಜೇರಿಯಲ್ಲಿ ತೊಗರಿ ರಾಶಿ ನಡೆದಿತ್ತು. ನಾಲ್ಕು ಗಂಟೆಯ ಬಸ್ಸೂ ಬಂದುಹೋಯಿತು. ರಾಯರು ಕನ್ನಡಕ ತೆಗೆದು ಒರೆಸಿ, "ಒಡೆದವನು ಗೈರುಹಾಜರು. ಪೇಶಿಯನ್ನು ಫೆಬ್ರುವರಿ ಐದಕ್ಕೆ ಮುಂದೂಡಲಾಗಿದೆ" ಎಂದರು.

ಉಸ್ಮಾನಸಾಬರು ಸ್ಲೇಟನ್ನು ಕಟ್ಟೆಗೆ ಕುಟ್ಟಿದರು. ಬರೆದರು: "ನಾನು ಬಂದಿದ್ದೇನೆ."

"ನೀ ಬಂದೀದಿ ಭಾಯಿ. ಆದ್ರ ಗುರಣ್ಣ ಇರಬೇಕು. ಅವನ ಕಿವೀಲೆ ಕೇಳಬೇಕು ಅವ. ಇಲ್ಲಾಂದ್ರ ಆ ಹುಡುಗನ ಎದಿಯಾಗಿಂದ ಆ ಮುಳ್ಳು ಹೋಗಂಗಿಲ್ಲ."

ಅದೂ ಸುಳ್ಳಲ್ಲ. ರಾಯರು ಕೊಟ್ಟ ಒಂದೊಂದು ಕಾರಣವೂ ಒಳ್ಳೆಯದೇ ಆಗಿತ್ತು. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಮಾಡಿಕೊಳ್ಳದೆ ಇರುವುದೂ ಕಷ್ಟ. ಮನೆಯಲ್ಲಿ ಶಾರದಾಬಾಯಿ ಮಾತ್ರ ಆ ರಾತ್ರಿಯ ಊಟದ ತನಕ ಒಂದೇ ಸಮನೆ ಬೈದರು. "ಎದುರಿನ ಕಚೇರಿಯಾಗ ಮಂದಿಗೆ ತಾರೀಖ ಕೊಟ್ಟು ಕೊಟ್ಟು ಚಪ್ಪಲಿ ಸವಸ್ತಾರ. ಅದನ್ನ ನೋಡಿ ನೋಡಿ ನಿಮಗೂ ಅದ ರೋಗ ಬಡದದ," ಎಂದರು.

ಫೆಬ್ರುವರಿ ಐದರಂದು ಗುರಣ್ಣ ರಾಶಿಯನ್ನು ತಮ್ಮನಿಗೆ ಒಪ್ಪಿಸಿ ಓಡಿಬಂದ, ತಲೆಯಲ್ಲಿ ಇನ್ನೂ ಹೊಟ್ಟಿತ್ತು. ಈ ಸಲ ಶಾರದಾಬಾಯಿ ಇರಲಿಲ್ಲ. ಆಳಂದದಲ್ಲಿ ತಂಗಿಯ ಹೆರಿಗೆ ಎಂದು ಹಿಂದಿನ ದಿನವೇ ಹೋಗಿದ್ದರು. ಹೋಗುವಾಗ, "ನಾ ಇಲ್ಲಂತ ನಿಲ್ಲಸಬ್ಯಾಡ್ರಿ" ಎಂದು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದ್ದರು.

"ಪಂಚರು ಇಬ್ಬರೂ ಇರಬೇಕು," ಎಂದರು ರಾಯರು.

"ಶಾರದಾಬಾಯಿಯೋರ ಬದ್ಲಿ ನಾ ಹೆಬ್ಬಟ್ಟ ಒತ್ತತೇನ್ರಿ," ಎಂದು ಗುರಣ್ಣ ಅಂಗಲಾಚಿದ.

"ಒಡೆದವನೇ ಪಂಚ ಆಗಲಿಕ್ಕೆ ಬರಂಗಿಲ್ಲೋ. ಇನ್ನ ಹದಿನಾಲ್ಕು ದಿನ. ಹತ್ತೊಂಬತ್ತಕ್ಕ ಎಲ್ಲಾರೂ ಇರ್ತೇವಿ, ಒಂದೂ ಲೋಪ ಇರಂಗಿಲ್ಲ."

ಉಸ್ಮಾನಸಾಬರು ಈ ಸಲ ಸ್ಲೇಟು ಕುಟ್ಟಲಿಲ್ಲ. ಅಂಗಿ ಅವರ ಮೈಮೇಲೆ ಜೋತುಬಿದ್ದಿತ್ತು, ತಮ್ಮ ಅಂಗಿಯನ್ನು ತಾವೇ ಎರಡು ಸಲ ಚಿಕ್ಕದು ಮಾಡಿಕೊಂಡರೂ ಸಾಲದಾಗಿತ್ತು. ಅವರು ರಾಯರ ಮುಖವನ್ನೇ ನೋಡುತ್ತ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಎದ್ದು ಬಂದು ರಾಯರ ಹೆಗಲ ಮೇಲೆ ಕೈಯಿಟ್ಟು, ಆಮೇಲೆ ಮನೆಗೆ ಹೋದರು. ರಾಯರು ಅದನ್ನು ಕ್ಷಮೆ ಎಂದುಕೊಂಡರು.

ಹದಿನಾರನೇ ತಾರೀಖು ಗುರುವಾರ ಬೆಳಿಗ್ಗೆ ಕುತ್ತಿಗೆಯ ತೂತಿನಿಂದ ರಕ್ತ ಬರತೊಡಗಿತು, ನಿಲ್ಲಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಹೊರಟರು. ಅಫಜಲಪುರ ಮುಟ್ಟುವ ಮೊದಲೇ ಉಸ್ಮಾನಸಾಬರು ತೀರಿಕೊಂಡರು.

ಮಣ್ಣಿಗೆ ರಾಯರು ಹೋದರು. ಮೂರು ಹಿಡಿ ಮಣ್ಣು ಹಾಕಿ ಎಲ್ಲರೂ ಹೊರಟ ಮೇಲೂ ಅಲ್ಲೇ ನಿಂತಿದ್ದರು, ಗುರಣ್ಣ ಕೈಹಿಡಿದು ಕರೆತಂದ.

ಶನಿವಾರ ಮೂರನೇ ದಿನದ ಜಿಯಾರತ್ ಮುಗಿದ ಮೇಲೆ ಅವರು ಉಸ್ಮಾನಸಾಬರ ಮನೆಗೆ ಹೋದರು. ಗಂಡ ಸತ್ತ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರಿಗೆ ಮುಖ ತೋರಿಸುವಂತಿಲ್ಲ. ಹೀಗಾಗಿ ಉಸ್ಮಾನಸಾಬರ ಹೆಂಡತಿ ಕುಲಸುಮಬಿಯವರು ಒಳಕೋಣೆಯ ಪರದೆಯ ಹಿಂದೆ ಕೂತರು, ರಾಯರು ಈಚೆ ಚಾಪೆಯ ಮೇಲೆ. ಹೂವಿನ ಪರದೆ, ಉಸ್ಮಾನಸಾಬರೇ ಹೊಲಿದದ್ದು.

"ಭಾಬಿ, ನನ್ನಿಂದ ತಪ್ಪಾಗೇದ," ಎಂದು ರಾಯರು ಪರದೆಗೆ ಹೇಳಿದರು. "ಅವಗ ಆ ಆಟದಾಗ ಒಂದು ಕೊಡೂದಿತ್ತು. ಬೇಗ ಕೊಡಬೇಕಿತ್ತು. ಕೊಡಲಿಲ್ಲ."

"ಗೊತ್ತದರಿ ಭಾಯಿಸಾಬ್. ನಾಳಿ ಇತ್ವಾರ ನಿಮ್ಮ ಪೇಶಿ ಇತ್ತಲ್ಲ," ಎಂದರು ಕುಲಸುಮಬಿ. "ಅದಕ್ಕಂತ ಭಾಳ ಮೆಹನತ್ ಮಾಡಿದ್ರು."

"ಏನ ಮೆಹನತ್ ಭಾಬಿ?"

ಪರದೆಯ ಹಿಂದೆ ಸೆರಗು ಸರಿಪಡಿಸಿಕೊಂಡ ಸದ್ದಾಯಿತು, ಬಳೆಯ ಸದ್ದಿರಲಿಲ್ಲ. "ನಿಮಗ ಹೇಳಬ್ಯಾಡ ಅಂದಿದ್ರು. ಈಗ ಹೇಳಿದ್ರ ಏನಾತು. ಸೊಲ್ಲಾಪುರದಾಗ ಡಾಕ್ಟರ್ ಕಲಿಸಿದ್ರಂತರಿ, ಗಾಳಿ ನುಂಗಿ ತೇಗಿದಂಗ ಮಾಡಿ ಮಾತ ಆಡೂದು. ಎಲ್ಲಾರಿಗೂ ಬರಂಗಿಲ್ಲಂತ. ಇವರು ಮೊದಲ ಮನಸ್ ಮಾಡ್ಲಿಲ್ಲ. ನೀವು ಆ ಕಾಯ್ದೆ ಓದಿ ಹೇಳಿದ್ರಲ್ಲ, ಕರದಾಗ ಹಾಜರ್ ಅನಬೇಕಂತ, ಅವತ್ತಿಂದ ಹಿಡದ್ರು ನೋಡ್ರಿ. ನಸುಕಿನ್ಯಾಗ ಎದ್ದು ಹಿತ್ತಲದಾಗ ಕುಂತು, ಒಂದ ಮಾತು, ಹಾಜರ್, ಹಾಜರ್. ಮೊದಮೊದಲ ಬರೇ ತೇಗ ಬರ್ತಿತ್ತು. ಮೊಮ್ಮಕ್ಕಳು ನಗ್ತಿದ್ವು, ಅವರೂ ನಗ್ತಿದ್ರು. ಹೊಟ್ಟಿ ನೋಯ್ತಿತ್ತು, ಬಿಡಲಿಲ್ಲ. ಸಂಕ್ರಮಣಕ್ಕ ನಿಮ್ಮ ಮನೀಂದ ಎಳ್ಳು ಬಂದ ದಿನ ಬಂತ್ರಿ ಮಾತು."

"ಸಂಕ್ರಮಣಕ್ಕ?" ರಾಯರು ಪರದೆಯತ್ತ ಬಾಗಿದರು. "ಅಂದ್ರ ಮೊದಲನೇ ತಾರೀಖಿಗೇ…"

"ಮೊದಲನೇ ತಾರೀಖಿಗೇ ತಯಾರಿದ್ರು. ಎರಡನೇದಕ್ಕೂ ತಯಾರಿದ್ರು."

"ಹಂಗಾದ್ರ ಅಲ್ಲೇ ಅಂದ್ಬಿಡಬೇಕಿತ್ತಲ್ಲ ಭಾಬಿ! ಒಮ್ಮೆ ಅಂದಿದ್ರ ಸಾಕಿತ್ತು!"

"ನಾನೂ ಅದ ಅಂದೇರಿ. ಕರೀಲಾರದ ಅನ್ನಬಾರದಂತ. ಕೈ ಮಾಡಿ ತೋರಿಸಿದ್ರು, ಹಣಮ್ಯಾ ಕರೀಲಿ, ಆವಾಗ ಅಂತೇನಿ ಅಂತ. ಎರಡನೇ ಸಲ ನೀವು ಮುಂದ ಹಾಕಿದ್ರಲ್ಲ, ಅವತ್ತ ಮನೀಗಿ ಬಂದು ಇಲ್ಲೇ ಈ ಚಾಪಿ ಮ್ಯಾಲ ಕುಂತು, ಗ್ವಾಡಿಗೆ ಮಾರಿ ಮಾಡಿ ಎಷ್ಟೋ ಸಲ ಅಂದ್ರು. ಹಾಜರ್ ಅಂತ. ಆಮ್ಯಾಲ ಒಂದು ದಿನಾನೂ ಅನ್ನಲಿಲ್ರಿ."

ರಾಯರು ತಾವು ಕೂತಿದ್ದ ಚಾಪೆಯನ್ನು ನೋಡಿದರು. ಅದನ್ನು ಅಂಗೈಯಿಂದ ಸವರುತ್ತ, "ಹೆಂಗಿತ್ತು ಭಾಬಿ ದನಿ?" ಎಂದು ಕೇಳಿದರು.

"ಮೊದಲಿನ ದನಿ ಅಲ್ರಿ. ತುಕ್ಕ ಹಿಡದ ಬಾಗಿಲ ತೆರದಂಗ. ಆದ್ರ ಮಾತ ತಿಳೀತಿತ್ತು. ಒಲಿ ಮುಂದ ಕುಂತ ನನಗ ಹಿತ್ತಲದಾಗಿಂದು ತಿಳೀತಿತ್ತು."

ಹಣಮಂತರಾಯರು ಅತ್ತರು. ಅಪ್ಪ ಸತ್ತಾಗ ಅಳದವರು, ಐವತ್ತು ದಾಟಿದ ಗಂಡಸು, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಗೆಳೆಯ ಸತ್ತದ್ದಕ್ಕಿಂತ, ಅವನು ಎರಡು ಸಲ ಬಾಯಲ್ಲಿ ಮಾತು ಹಿಡಿದುಕೊಂಡು ತಮ್ಮ ಮುಂದೆ ಕೂತು, ಕರೆಯುವುದನ್ನೇ ಕಾದು ಎದ್ದುಹೋದ ಎಂಬುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಪರದೆಯ ಆಚೆಯಿಂದಲೂ ಅಳುವ ಸದ್ದು ಬರುತ್ತಿತ್ತು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಮರುದಿನ ಹತ್ತೊಂಬತ್ತು. ದರ್ಜಿ ಅಂಗಡಿಯ ಬಾಗಿಲು ಹಾಕಿತ್ತು, ಬೇವಿನ ಮರದ ಕೆಳಗೇ ಮೂವರೂ ಕೂತರು. ಎಲ್ಲರೂ ಹಾಜರಿದ್ದರು, ಪಂಚರು, ಒಡೆದವನು, ಒಂದೂ ಲೋಪವಿರಲಿಲ್ಲ. ರಾಯರು ಕುಲಸುಮಬಿ ಹೇಳಿದ್ದನ್ನು ಹೇಳಿದಷ್ಟೇ ಹೇಳಿದರು. ಶಾರದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಈಗರೇ ಕರೀರಿ ರಾಯರೇ. ಒಮ್ಮೆ ಕರೀರಿ," ಎಂದು ಗುರಣ್ಣ ಅಳುತ್ತ ಅಂದ.

ರಾಯರು ಬಾಯಿ ತೆರೆದರು. ಹೆಸರು ಹೊರಡಲಿಲ್ಲ. ಕನ್ನಡದ ಯಂತ್ರಕ್ಕೆ ಹಾಳೆ ಏರಿಸಿ, ಪೇಶಿಯ ಕಾಗದದ ಕೊನೆಗೆ ಎರಡು ಸಾಲು ಟೈಪ್ ಮಾಡಿದರು: "ಕಂದೀಲು ಎರಡೂ ತಾರೀಖಿಗೆ ಹಾಜರಿತ್ತು. ಕರೆಯಬೇಕಾದವನು ಕರೆಯಲಿಲ್ಲ." ಕೆಳಗೆ ತಮ್ಮ ಸಹಿ ಹಾಕಿದರು. ಶಾರದಾಬಾಯಿ ಓದಿ ನೋಡಿ ಕಾಗದವನ್ನು ಮಡಿಚಿದರು. ಆ ಆಟವನ್ನು ಅವರು ಮತ್ತೆ ಆಡಲಿಲ್ಲ.

ಆಮೇಲೂ ರಾಯರು ಆರೇಳು ವರ್ಷ ಅದೇ ಮರದ ಕೆಳಗೆ ಟೈಪ್ ಮಾಡಿದರು. ಆದರೆ ಒಂದು ಹೊಸ ಚಾಳಿ ಹತ್ತಿತ್ತು. ಯಾವುದಾದರೂ ಮುದುಕಿ, ಯಾವುದಾದರೂ ರೈತ, ಮುಂದಿನ ತಿಂಗಳ ತಾರೀಖು ಹಿಡಿದುಕೊಂಡು ಜೋಲುಮೋರೆ ಹಾಕಿ ಕಚೇರಿಯಿಂದ ಹೊರಬಂದರೆ ಸಾಕು, ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು. ಅವರ ಕೈಹಿಡಿದು ದರದರನೆ ಒಳಗೆ ಕರೆದೊಯ್ದು, ಜವಾನನ ಮುಂದೆ ನಿಲ್ಲಿಸಿ, ಎಂದೂ ಏರದ ದನಿ ಏರಿಸಿ ಕೂಗುತ್ತಿದ್ದರು, "ಬಂದಾರ ನೋಡ್ರಿ ಇವರು! ಎದುರಿಗೇ ನಿಂತಾರ! ಹೆಸರ ಕರೀರಿ! ಇವತ್ತ ಕರೀರಿ!" ಕಚೇರಿಯವರು ರಾಯರಿಗೆ ವಯಸ್ಸಾಯಿತು ಎಂದುಕೊಂಡರು. ಗದ್ದಲ ಕೇಳಿದ ಚಹಾದಂಗಡಿಯವರು ಹೇಳಿಕಳಿಸಿದರೆ ಶಾರದಾಬಾಯಿ ಬಂದು, ತೋಳು ಹಿಡಿದು, ಮೆಲ್ಲಗೆ ಮನೆಗೆ ಕರೆದುಕೊಂಡು ಹೋಗುತ್ತಿದ್ದರು.